ನಕ್ಷತ್ರಚಿಹ್ನೆಯ ಪಕ್ಕದ ಒಂದು ಖಾಲಿ ಜಾಗ

ಪ್ರಶ್ನೆ: ಲಿನಕ್ಸ್ ಕಲಿಯುತ್ತಿರುವವರ ಗಣಕದಲ್ಲಿ, ಕಡತಗಳನ್ನು ಅಳಿಸುವ ಆರ್‌ಎಂ (rm) ಆದೇಶವು ಪ್ರತಿ ಕಡತಕ್ಕೂ ಒಪ್ಪಿಗೆ ಕೇಳುವಂತೆ ಅಲಿಯಾಸ್ (ಆದೇಶಕ್ಕೆ ಕೊಡುವ ಬದಲಿ ಅರ್ಥ) ಮಾಡಿಟ್ಟರೆ ಸಾಕೇ?

ಉತ್ತರ: ಸಾಲದು. ನೂರು ಕಡತಗಳಿಗೆ ನೂರು ಬಾರಿ ಕೇಳುವ ಪ್ರಶ್ನೆಯನ್ನು ಯಾರೂ ಓದುವುದಿಲ್ಲ. ಮೇಲಾಗಿ ಆ ರಕ್ಷಣೆಗೆ ಒಗ್ಗಿಕೊಂಡವರು ಅದಿಲ್ಲದ ಬೇರೊಂದು ಗಣಕದಲ್ಲಿ ಅದೇ ಧೈರ್ಯದಿಂದ ಆದೇಶ ನೀಡಿ ಎಲ್ಲವನ್ನೂ ಕಳೆದುಕೊಳ್ಳುವುದೇ ನನ್ನ ನಿಜವಾದ ಆತಂಕ. ನಕ್ಷತ್ರಚಿಹ್ನೆಯನ್ನು (*) ಕಡತಗಳ ಹೆಸರುಗಳಾಗಿ ವಿಸ್ತರಿಸುವುದು ನಾವು ಟೈಪಿಸಿದ ಆದೇಶಗಳನ್ನು ಓದಿ ನಡೆಸುವ ಶೆಲ್ ಎಂಬ ಕಾರ್ಯಕ್ರಮ ಆದ್ದರಿಂದ, ಆ ಚಿಹ್ನೆಯ ನಂತರ ತಪ್ಪಿ ಒಂದು ಖಾಲಿ ಜಾಗ ಬಿದ್ದರೂ (*.txt ಬದಲು * .txt ಎಂದು) ಚಿಹ್ನೆ ಒಂಟಿಯಾಗಿ ನಿಂತು, ಆರ್‌ಎಂಗೆ ಆ ಕೋಶದ (ಡೈರೆಕ್ಟರಿಯ) ಬಹುತೇಕ ಎಲ್ಲ ಕಡತಗಳ ಪಟ್ಟಿಯೇ ತಲುಪುತ್ತದೆ, ಮತ್ತು ಅದು ನಿಮ್ಮ ಉದ್ದೇಶವನ್ನು ಊಹಿಸಲಾರದು. ಆದಕಾರಣ ಮೊದಲು ನಕ್ಷತ್ರಚಿಹ್ನೆಯಿರುವ ಅದೇ ಹೆಸರಿನ ಮಾದರಿಯನ್ನು, ಕಡತಗಳ ಹೆಸರುಗಳನ್ನು ತೋರಿಸುವಷ್ಟೇ ಮಾಡುವ ಎಲ್‌ಎಸ್ (ls) ಆದೇಶಕ್ಕೆ ಕೊಟ್ಟು ಬರುವ ಹೆಸರುಗಳನ್ನು ನೋಡುವುದನ್ನು ಕಲಿಸಿ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿರುವ ಗ್ನೂ ಆವೃತ್ತಿಯ ಆರ್‌ಎಂನ ದೊಡ್ಡಕ್ಷರದ ಐ ಆಯ್ಕೆಯು (-I), 3ಕ್ಕಿಂತ ಹೆಚ್ಚು ಕಡತಗಳಿದ್ದಾಗ ಅಥವಾ ಉಪಕೋಶಗಳ ಸಮೇತ ಅಳಿಸುವಾಗ, ಒಮ್ಮೆ ಮಾತ್ರ ಕೇಳುತ್ತದೆ. ನಾನು ಅದನ್ನೇ ಶಿಫಾರಸು ಮಾಡುತ್ತೇನೆ.

ಕಡತವನ್ನು ಸ್ಥಳಾಂತರಿಸುವ ಎಂವಿ (mv) ಮತ್ತು ನಕಲಿಸುವ ಸಿಪಿ (cp) ಸಹ ಹಳೆಯ ಕಡತದ ಮೇಲೆ ಸದ್ದಿಲ್ಲದೆ ಬರೆಯುತ್ತವೆ ಎಂಬುದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಮರುನಿರ್ದೇಶನದಿಂದ, ಅಂದರೆ ಆದೇಶದ ಫಲಿತಾಂಶವನ್ನು > ಚಿಹ್ನೆಯಿಂದ ಕಡತಕ್ಕೆ ಬರೆಯುವುದರಿಂದ, ಆಗುವ ಇದೇ ಹಾನಿಯನ್ನು ಬ್ಯಾಶ್ ಎಂಬ ಶೆಲ್‌ನ ನೋಕ್ಲಾಬರ್ (noclobber) ಆಯ್ಕೆ ತಡೆಯುತ್ತದೆ. ಪ್ರತ್ಯೇಕ ಡಿಸ್ಕಿನಲ್ಲಿ ಬ್ಯಾಕಪ್ ಇರಲೇಬೇಕು.