ಬೆನ್ನಿಗೆ ಬಿದ್ದ ಎಕ್ಸ್‌ರೇಗೆ ಲೆಕ್ಕ ಇಡುವವರು ಯಾರು?

ಓದುಗರ ಪ್ರಶ್ನೆ – ಉತ್ತರ
(ಉತ್ತರಿಸುವವರು ಮುಂಬಯಿಯ ಆಸ್ಪತ್ರೆಯೊಂದರಲ್ಲಿ ವಿಕಿರಣ ಸುರಕ್ಷಾ ಅಧಿಕಾರಿಯಾಗಿದ್ದು ನಿವೃತ್ತರಾದ ವೈದ್ಯಕೀಯ ಭೌತವಿಜ್ಞಾನಿ)

ಪ್ರಶ್ನೆ: ನಮ್ಮ ಯಜಮಾನರಿಗೆ 63 ವರ್ಷ. ಸಕ್ಕರೆ ಕಾಯಿಲೆಯಿದೆ, ಮೈಯೂ ದಪ್ಪ. ಹೃದಯದ ಒಂದು ರಕ್ತನಾಳ ಪೂರ್ತಿ ಮುಚ್ಚಿಹೋಗಿದೆ ಎಂದು ಆಂಜಿಯೋಪ್ಲಾಸ್ಟಿ ಮಾಡಿದರು. ಒಳಗೆ ಕರೆದುಕೊಂಡು ಹೋದವರನ್ನು ಹೊರಗೆ ತರುವಾಗ ಮೂರು ಗಂಟೆ ದಾಟಿತ್ತು. ದೇವರ ದಯೆಯಿಂದ ಎದೆನೋವು ಹೋಯಿತು. ಆದರೆ ಮೂರು ವಾರದ ನಂತರ ಬೆನ್ನಿನ ಬಲಗಡೆ, ಹೆಗಲ ಮೂಳೆಯ ಕೆಳಗೆ, ಅಂಗೈಯಗಲ ಕೆಂಪಾಗಿದೆ. ಅಂಚು ಗೆರೆ ಎಳೆದಂತೆ ನೇರವಾಗಿದೆ. ಹತ್ತಿರದ ಡಾಕ್ಟರು ಹುಳುಕಡ್ಡಿ ಎಂದು ಮುಲಾಮು ಕೊಟ್ಟರು, ಗುಣವಾಗಲಿಲ್ಲ. ಈಗ ಚರ್ಮದ ತುಣುಕು ತೆಗೆದು ಪರೀಕ್ಷೆಗೆ ಕಳುಹಿಸೋಣ ಎನ್ನುತ್ತಿದ್ದಾರೆ. ಒಪ್ಪಬಹುದೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಒಪ್ಪುವ ಮೊದಲು ಆ ಡಾಕ್ಟರಿಗೆ ಆಂಜಿಯೋಪ್ಲಾಸ್ಟಿಯ ವಿಷಯ ಹೇಳಿ. ಎಷ್ಟು ಹೊತ್ತು ನಡೆಯಿತು, ಯಾವ ದಿನ ನಡೆಯಿತು ಎಂಬುದನ್ನೂ ಹೇಳಿ. ಬೆನ್ನಿಗೂ ಹೃದಯಕ್ಕೂ ಏನು ಸಂಬಂಧ ಎಂದುಕೊಂಡು ಮನೆಯವರು ಇದನ್ನು ಹೇಳುವುದೇ ಇಲ್ಲ, ಚರ್ಮದ ವೈದ್ಯರೂ ಕೇಳುವುದಿಲ್ಲ. ಆದರೆ ಆಂಜಿಯೋಪ್ಲಾಸ್ಟಿಯನ್ನು ಎಕ್ಸ್‌ರೇ ಕಿರಣದಲ್ಲಿ ನೋಡುತ್ತಲೇ ಮಾಡುತ್ತಾರೆ. ವಿಕಿರಣದಿಂದ ಬಳಲಿದ ಚರ್ಮದಲ್ಲಿ ಗಾಯ ಮಾಡಿದರೆ ಅದು ಬೇಗ ಮಾಯುವುದಿಲ್ಲ, ಹುಣ್ಣಾಗಿ ಉಳಿದುಬಿಡಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಭಯ ಇನ್ನೂ ಹೆಚ್ಚು.

ಪತ್ರ ಓದಿಯೇ ರೋಗ ನಿರ್ಧರಿಸಲಾಗದು. ಆದರೆ ನೀವು ಬರೆದಿರುವ ಜಾಗ, ಸಮಯ, ನೇರವಾದ ಅಂಚು ಮೂರೂ ಎಕ್ಸ್‌ರೇ ಪೆಟ್ಟಿನ ಕಡೆಗೇ ಬೊಟ್ಟು ಮಾಡುತ್ತವೆ. ಆಂಜಿಯೋಪ್ಲಾಸ್ಟಿ ಮಾಡುವ ಕೋಣೆಯಾದ ಕ್ಯಾಥ್‌ಲ್ಯಾಬಿನಲ್ಲಿ ಎಕ್ಸ್‌ರೇ ಟ್ಯೂಬ್ ಸಾಮಾನ್ಯವಾಗಿ ಮೇಜಿನ ಕೆಳಗಿರುತ್ತದೆ. ಕಿರಣಗಳು ಬೆನ್ನಿನಿಂದ ಒಳಹೊಕ್ಕು ಎದೆಯ ಕಡೆಯಿಂದ ಹೊರಬರುತ್ತವೆ, ಆದ್ದರಿಂದ ಹೆಚ್ಚಿನ ಪೆಟ್ಟು ಬೆನ್ನಿನ ಚರ್ಮಕ್ಕೇ ಬೀಳುತ್ತದೆ. ಮುಚ್ಚಿದ ನಾಳದಲ್ಲಿ ತಂತಿ ತೂರಿಸುವಾಗ ವೈದ್ಯರು ಒಂದೇ ಕೋನದಲ್ಲಿ ಬಹಳ ಹೊತ್ತು ನೋಡುತ್ತಿರಬೇಕಾಗುತ್ತದೆ. ಕಿರಣದ ಕಿಟಕಿ ಚೌಕವಾಗಿರುವುದರಿಂದ ಕಲೆಯ ಅಂಚೂ ನೇರವಾಗಿರುತ್ತದೆ. ದಪ್ಪ ಮೈಯನ್ನು ದಾಟಿ ಚಿತ್ರ ಮೂಡಬೇಕೆಂದು ಯಂತ್ರ ತಾನಾಗಿಯೇ ಕಿರಣವನ್ನು ಏರಿಸುತ್ತದೆ.

ಚರ್ಮ ಹೀರಿದ ವಿಕಿರಣವನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತೇವೆ. 1 ಗ್ರೇ ಎಂದರೆ 1,000 ಮಿಲಿಗ್ರೇ. ಸಾಮಾನ್ಯ ಎದೆ ಎಕ್ಸ್‌ರೇಯಲ್ಲಿ ಚರ್ಮಕ್ಕೆ 1 ಮಿಲಿಗ್ರೇಯಷ್ಟೂ ಬೀಳುವುದಿಲ್ಲ. ಒಂದೇ ಜಾಗಕ್ಕೆ 2 ಗ್ರೇ ದಾಟಿದರೆ ಅದೇ ದಿನ ಚರ್ಮ ಸ್ವಲ್ಪ ಕೆಂಪಾಗಿ ಮಾಯವಾಗಬಹುದು. 6 ಗ್ರೇ ಸುತ್ತಮುತ್ತ ಹೋದರೆ ಹತ್ತು ದಿನದ ನಂತರ, ಎರಡು ಮೂರು ವಾರದೊಳಗೆ ನಿಜವಾದ ಕೆಂಪು ಏಳುತ್ತದೆ. 15 ಗ್ರೇ ಮೀರಿದರೆ ಚರ್ಮ ಸುಲಿದು ನೀರೊಸರುವ ಹುಣ್ಣು, ಅದರಾಚೆ ಅಂಗಾಂಶವೇ ಸಾಯುವುದು. ಅದು ತಿಂಗಳುಗಳ ನಂತರ ಕಾಣಿಸಿಕೊಳ್ಳುವುದೂ ಉಂಟು. ಅಷ್ಟು ಹೊತ್ತಿಗೆ ರೋಗಿ ಆಂಜಿಯೋಪ್ಲಾಸ್ಟಿಯನ್ನು ಮರೆತೇ ಬಿಟ್ಟಿರುತ್ತಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇಂಥ ಗಾಯಗಳ ಬಗ್ಗೆ ವೈದ್ಯರನ್ನು ಎಚ್ಚರಿಸಿದ್ದು 1994ರಲ್ಲಿ. ಇಂದಿಗೂ ಇದನ್ನು ಹುಳುಕಡ್ಡಿ ಎನ್ನುತ್ತಾರೆಂದರೆ ನನಗೆ ಸಂಕಟವಾಗುತ್ತದೆ.

ಆಸ್ಪತ್ರೆಗೆ ಹೋಗಿ ಆ ದಿನದ ‘ರೆಫರೆನ್ಸ್ ಏರ್ ಕೆರ್ಮಾ’ (ಯಂತ್ರ ಕೊಟ್ಟ ಕಿರಣದ ಒಟ್ಟು ಲೆಕ್ಕ) ಎಷ್ಟು ಎಂದು ಬರವಣಿಗೆಯಲ್ಲಿ ಕೇಳಿ. ಈಗಿನ ಕ್ಯಾಥ್‌ಲ್ಯಾಬ್ ಯಂತ್ರಗಳು ಅದನ್ನು ಮಿಲಿಗ್ರೇಯಲ್ಲಿ ತೋರಿಸುತ್ತವೆ. 5,000 ದಾಟಿದ್ದರೆ ರೋಗಿಯ ಚರ್ಮವನ್ನು ಆಸ್ಪತ್ರೆಯವರೇ ಗಮನಿಸುತ್ತಿರಬೇಕು. ಆ ಕಾಗದ ಹಿಡಿದು ಚರ್ಮರೋಗ ತಜ್ಞರ ಬಳಿ ಹೋಗಿ. ಉಜ್ಜಬೇಡಿ, ಕೆರೆಯಲು ಬಿಡಬೇಡಿ, ಶಾಖ ಕೊಡಬೇಡಿ. ವಾರಕ್ಕೊಮ್ಮೆ ಹಗಲು ಬೆಳಕಿನಲ್ಲಿ ಮೊಬೈಲಿನಿಂದ ಚಿತ್ರ ತೆಗೆದಿಡಿ.

ಹೃದಯದ ವೈದ್ಯರ ಮೇಲೆ ಸಿಟ್ಟು ಬೇಡ. ಕಷ್ಟದ ನಾಳ ತೆರೆಯುವಾಗ ಇಷ್ಟು ವಿಕಿರಣ ಕೆಲವೊಮ್ಮೆ ತಪ್ಪುವುದಿಲ್ಲ, ಅವರು ಜೀವ ಉಳಿಸಿದ್ದಾರೆ. ಆದರೆ ಮನೆಗೆ ಕಳುಹಿಸುವಾಗ ‘ಬೆನ್ನು ನೋಡಿಕೊಳ್ಳಿ’ ಎಂಬ ಒಂದು ಮಾತು ಹೇಳದಿರುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಪ್ರಶ್ನೆ: ನಾನು ಕ್ಯಾಥ್‌ಲ್ಯಾಬ್ ತಂತ್ರಜ್ಞ. ನಮಗೆಲ್ಲ ಮೈಗೆ ಬಿದ್ದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಇದೆ, ರೋಗಿಗೆ ಏನೂ ಇಲ್ಲ. ವರದಿಯಲ್ಲಿ ಫ್ಲೋರೋಸ್ಕೋಪಿ (ಪರದೆಯ ಮೇಲೆ ಎಕ್ಸ್‌ರೇಯ ಚಲಿಸುವ ಚಿತ್ರ ನೋಡುವುದು) ಸಮಯ ಮಾತ್ರ ಬರೆಯುತ್ತೇವೆ. ಅಷ್ಟು ಸಾಕೇ? ಚರ್ಮಕ್ಕೆ ಬಿದ್ದುದನ್ನು ಅಳೆಯುವುದು ಹೇಗೆ?
– ಓದುಗರೊಬ್ಬರು, ಚಿಂಚವಾಡ, ಪುಣೆ

ಉತ್ತರ: ಸಾಕಾಗುವುದಿಲ್ಲ. ತೆಳ್ಳಗಿನವರಿಗೂ ದಪ್ಪಗಿನವರಿಗೂ ಅರ್ಧ ಗಂಟೆಯ ಫ್ಲೋರೋಸ್ಕೋಪಿ ಒಂದೇ ಅಲ್ಲ. ಮೇಲಾಗಿ ಚಿತ್ರೀಕರಿಸಿ ಇಟ್ಟುಕೊಳ್ಳುವ ‘ಸಿನೆ’ ಓಟಗಳಲ್ಲಿ ಕಿರಣ ಹಲವು ಪಟ್ಟು ಹೆಚ್ಚು. ಅದು ಫ್ಲೋರೋಸ್ಕೋಪಿಯ ನಿಮಿಷಗಳಲ್ಲಿ ಕಾಣುವುದಿಲ್ಲ.

ನಿಮ್ಮ ಎದೆಯ ಮೇಲಿನ ಬ್ಯಾಡ್ಜನ್ನು ನಿಯಮದಂತೆ ಓದಿಸುತ್ತಾರೆ. ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ವಿಕಿರಣದಿಂದ ಇಡೀ ಮೈಗಾಗುವ ಅಪಾಯ ಅಳೆಯುವ ಮಾನ) ಮೀರಬಾರದೆಂದು ಅಣುಶಕ್ತಿನಗರದಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಮಿತಿ ಹಾಕಿದೆ. ರೋಗಿಗೆ ಮಿತಿಯಿಲ್ಲ, ಇರಬಾರದು ಕೂಡ. ಮಿತಿ ಮುಟ್ಟಿತೆಂದು ಅರ್ಧಕ್ಕೆ ನಿಲ್ಲಿಸಿದರೆ ಪ್ರಾಣ ಹೋದೀತು. ಆದರೆ ಮಿತಿಯಿಲ್ಲ ಎಂದರೆ ಲೆಕ್ಕವೂ ಬೇಡ ಎಂದಲ್ಲ. ಇಡೀ ಕೋಣೆಯಲ್ಲಿ ಅತಿ ಹೆಚ್ಚು ವಿಕಿರಣ ಬೀಳುವುದು ಆ ಬೆನ್ನಿನ ಮೇಲೆ.

ಪರದೆಯ ಮೇಲಿನ ಏರ್ ಕೆರ್ಮಾವನ್ನು ನಾಳೆಯಿಂದಲೇ ಬರೆಯಲು ಶುರುಮಾಡಿ. ಅದರ ಸ್ವಭಾವವೂ ಗೊತ್ತಿರಲಿ. ಅದು ಚರ್ಮದ ಮೇಲಿನ ಅಳತೆಯಲ್ಲ. ಟ್ಯೂಬನ್ನು ಹಿಡಿದು ರೋಗಿಯ ಸುತ್ತ ತಿರುಗುವ ಸಿ-ಆರ್ಮ್ ಎಂಬ ತೋಳು ಸುತ್ತುವ ಕೇಂದ್ರದಿಂದ ಟ್ಯೂಬಿನ ಕಡೆಗೆ 15 ಸೆಂಟಿಮೀಟರ್ ದೂರದಲ್ಲಿರುವ ಒಂದು ಬಿಂದುವಿನ ಲೆಕ್ಕ. ಟ್ಯೂಬ್ ಎಡಕ್ಕೆ ಬಲಕ್ಕೆ ತಿರುಗಿ ಬೇರೆ ಬೇರೆ ಚರ್ಮಕ್ಕೆ ಬಿದ್ದದ್ದನ್ನೆಲ್ಲ ಯಂತ್ರ ಒಟ್ಟಿಗೆ ಕೂಡಿಸುತ್ತದೆ. ಮೈಯೊಳಗಿಂದ ಚದುರಿ ಹಿಂದಿರುಗುವ ಕಿರಣ ಚರ್ಮದ ಪಾಲನ್ನು ಶೇಕಡಾ 30–40ರಷ್ಟು ಏರಿಸುತ್ತದೆ. ಮೇಜು, ಹಾಸಿಗೆ ಸ್ವಲ್ಪ ತಗ್ಗಿಸುತ್ತವೆ. ಹೀಗಾಗಿ ನಿಜವಾದ ಗರಿಷ್ಠ ಪ್ರಮಾಣ ಆ ಅಂಕಿಗಿಂತ ಕಡಿಮೆಯೂ ಇರಬಹುದು, ಹೆಚ್ಚೂ ಇರಬಹುದು.

ಚರ್ಮದ್ದೇ ಅಳತೆ ಬೇಕಿದ್ದರೆ ನನ್ನ ಮೆಚ್ಚಿನ ಸಾಧನ ರೇಡಿಯೋಕ್ರೋಮಿಕ್ ಫಿಲ್ಮ್. ಅದನ್ನು ತೊಳೆಯುವ ಕೆಲಸವಿಲ್ಲ. ಕಿರಣ ಬಿದ್ದಲ್ಲಿ ತಾನಾಗಿಯೇ ಬಣ್ಣ ಗಾಢವಾಗುತ್ತದೆ. ದೀರ್ಘವಾಗಬಹುದಾದ ಕೇಸುಗಳಲ್ಲಿ ನಾನು ದೊಡ್ಡ ಹಾಳೆಯನ್ನು ರೋಗಿಯ ಬೆನ್ನಿನ ಕೆಳಗೆ ಹಾಸಿ, ಮರುದಿನ ಸ್ಕ್ಯಾನರಿನಲ್ಲಿ ಓದುತ್ತಿದ್ದೆ. ಎರಡು ಕೋನಗಳ ಚೌಕಗಳು ಒಂದರ ಮೇಲೊಂದು ಬಿದ್ದ ಕಡೆ ಬೆರಳಗಲದ ಗಾಢ ಪಟ್ಟಿ ಇರುತ್ತಿತ್ತು. ಹುಣ್ಣಾಗುವುದು ಅಂಥಲ್ಲಿಯೇ, ಪರದೆಯ ಅಂಕಿಗೆ ಅದರ ಸುಳಿವೇ ಇರುವುದಿಲ್ಲ. ಫಿಲ್ಮನ್ನು ನಿಮ್ಮ ಯಂತ್ರದ ಕಿರಣದಲ್ಲೇ, ಕಿರಣವನ್ನು ನಿಖರವಾಗಿ ಅಳೆಯುವ ಅಯಾನ್ ಚೇಂಬರ್ ಜೊತೆಗಿಟ್ಟು ಮೊದಲು ಮಾಪನಾಂಕ ಮಾಡಿಸಿ. ಟಿಎಲ್‌ಡಿ ಚಿಪ್‌ಗಳನ್ನು ಸಾಲಾಗಿ ಅಂಟಿಸುವವರೂ ಇದ್ದಾರೆ, ಆದರೆ ಅವು ದೊಡ್ಡ ಕಣ್ಣಿನ ಬಲೆಯಂತೆ. ಸಣ್ಣ ಪಟ್ಟಿ ನಡುವೆ ನುಸುಳಿಹೋಗುತ್ತದೆ. ಬೆನ್ನಿನ ನಕ್ಷೆ ತೋರಿಸುವ ಸಾಫ್ಟ್‌ವೇರ್ ಇದ್ದರೆ ಕೆಲಸ ನಡೆಯುವಾಗಲೇ ಕೋನ ಬದಲಿಸಬಹುದು.

ಇನ್ನೊಂದು ಕೆಲಸ ನಿಮ್ಮ ಕೈಯಲ್ಲೇ ಇದೆ. ಪರದೆಯ ಅಂಕಿ 3,000 ಮಿಲಿಗ್ರೇ ಮುಟ್ಟಿದಾಗ ಡಾಕ್ಟರಿಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಿ, ಆಮೇಲೆ ಪ್ರತಿ 1,000ಕ್ಕೂ ಹೇಳಿ. ಹಿಂಜರಿಯಬೇಡಿ. ಕಿರಣ ಹಿಡಿದು ಚಿತ್ರ ಮೂಡಿಸುವ ಡಿಟೆಕ್ಟರನ್ನು ಎದೆಗೆ ಹತ್ತಿರ ತರುವುದು, ಮೇಜನ್ನು ಟ್ಯೂಬಿನಿಂದ ದೂರವಾಗುವಂತೆ ಎತ್ತುವುದು, ಕಿರಣದ ಕಿಟಕಿ ಕಿರಿದು ಮಾಡುವುದು, ಸೆಕೆಂಡಿಗಿರುವ ಚಿತ್ರಗಳ ಸಂಖ್ಯೆ ಇಳಿಸುವುದು: ನೀವು ನೆನಪಿಸಿದರೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ.

ಪ್ರಶ್ನೆ: ಅಮ್ಮನಿಗೆ ಕಳೆದ ತಿಂಗಳು ಒಂದು ಸ್ಟೆಂಟ್ ಹಾಕಿದರು. ಮುಂದಿನ ತಿಂಗಳು ಬೇರೆ ಆಸ್ಪತ್ರೆಯಲ್ಲಿ ಇನ್ನೊಂದು. ಇಷ್ಟು ಬೇಗ ಮಾಡಿಸಬಹುದೇ?
– ಓದುಗರೊಬ್ಬರು, ಮಾಟುಂಗಾ

ಉತ್ತರ: ಹೃದಯಕ್ಕೆ ಬೇಕಿದ್ದರೆ ಮಾಡಿಸಿ, ವಿಕಿರಣದ ಭಯದಿಂದ ಮುಂದೂಡಬೇಡಿ. ಆದರೆ ಕೆಲವು ವಾರಗಳ ಅಂತರದಲ್ಲಿ ಅದೇ ಜಾಗಕ್ಕೆ ಬಿದ್ದದ್ದನ್ನು ಕೂಡಿಸಿಯೇ ನೋಡಬೇಕು. ಮೊದಲ ಆಸ್ಪತ್ರೆಯಿಂದ ಏರ್ ಕೆರ್ಮಾ ಅಂಕಿಯನ್ನೂ ಸಾಧ್ಯವಾದರೆ ಬಳಸಿದ ಕೋನಗಳನ್ನೂ ಬರೆಸಿಕೊಂಡು ಎರಡನೆಯ ವೈದ್ಯರಿಗೆ ಕೊಡಿ. ಹೋಗುವ ಹಿಂದಿನ ದಿನ ಅಮ್ಮನ ಬೆನ್ನನ್ನು ನೀವೇ ನೋಡಿ. ಕೆಂಪಿದ್ದರೆ ಮೇಜಿನ ಮೇಲೆ ಮಲಗಿಸುವ ಮೊದಲೇ ತೋರಿಸಿ. ಅವರು ಆ ಜಾಗ ತಪ್ಪಿಸಿ ಬೇರೆ ಕೋನದಿಂದ ನೋಡಲು ಪ್ರಯತ್ನಿಸುತ್ತಾರೆ.