ವಿಪಿಎನ್ ಹಾಕಿದರೂ ತಕರಾರು, ಹಾಕದಿದ್ದರೂ ತಕರಾರು

ಈ ಸಲ ಹಾಸನ, ಚಿಕ್ಕಮಗಳೂರು ಕಡೆಯ ಓದುಗರ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇನೆ. ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಗೋಳು. ಪರದೆ ಮೇಲೆ ‘ನೀವು ವಿಪಿಎನ್ ಬಳಸುತ್ತಿದ್ದೀರಿ’ ಅಂತ ಬರುತ್ತದೆ, ಸಿನಿಮಾ ಬರುವುದಿಲ್ಲ. ವಿಪಿಎನ್ ಅಂದರೆ ನಿಮ್ಮ ಇಂಟರ್ನೆಟ್ಟನ್ನು ಬೇರೆಲ್ಲೋ ಇರುವ ಸರ್ವರ್ ಮೂಲಕ ಸುತ್ತಿಸಿ, ನೀವು ಅಲ್ಲಿಂದಲೇ ಬಂದ ಹಾಗೆ ತೋರಿಸುವ ವ್ಯವಸ್ಥೆ.

ಪ್ರಶ್ನೆ: ಮಗಳು ಐರ್ಲೆಂಡಿನ ಡಬ್ಲಿನ್‌ನಲ್ಲಿ ಓದುತ್ತಿದ್ದಾಳೆ. ಇಲ್ಲಿ ನಾನು ವರ್ಷದ ದುಡ್ಡು ಕಟ್ಟಿರುವ ಆ್ಯಪ್‌ನಲ್ಲೇ ಕನ್ನಡ ಸಿನಿಮಾ, ಸೀರಿಯಲ್ ನೋಡೋಣ ಅಂತ ಅವಳಿಗೆ ಆಸೆ. ಅಲ್ಲಿ ಬರಲಿಲ್ಲ ಅಂತ ತಿಂಗಳ ಬಾಡಿಗೆಗೆ ವಿಪಿಎನ್ ತೆಗೆದುಕೊಂಡಳು. ‘ಇಂಡಿಯಾ’ ಅಂತ ಆರಿಸಿದರೂ ಆ್ಯಪ್ ‘ವಿಪಿಎನ್ ಆಫ್ ಮಾಡಿ’ ಅನ್ನುತ್ತದೆ. ಇಬ್ಬರಿಗೂ ದುಡ್ಡು ಕೊಟ್ಟಿದ್ದೇವೆ. ನಮ್ಮಿಂದ ಇವರಿಗೆ ಏನು ನಷ್ಟ?
— ಓದುಗರೊಬ್ಬರು, ವಿದ್ಯಾನಗರ, ಹಾಸನ

ಉತ್ತರ: ನಿಮ್ಮ ದುಡ್ಡು ಬೇಡ ಅಂತ ಯಾವ ಆ್ಯಪ್‌ನವರೂ ಹೇಳುವುದಿಲ್ಲ. ಅವರ ಕೈ ಕಟ್ಟಿಹಾಕಿರುವುದು ಸಿನಿಮಾ ಹಕ್ಕಿನ ಕರಾರು. ನಮ್ಮ ಗಾಂಧಿನಗರದ ವ್ಯವಹಾರ ಗೊತ್ತಿದ್ದವರಿಗೆ ಇದು ಹೊಸದೇನಲ್ಲ. ಬಿಕೆಟಿ (ಬೆಂಗಳೂರು–ಕೋಲಾರ–ತುಮಕೂರು) ಏರಿಯಾಗೆ ಒಬ್ಬ ಹಂಚಿಕೆದಾರ, ಮೈಸೂರು–ಮಂಡ್ಯ–ಹಾಸನದ ಕಡೆಗೆ ಇನ್ನೊಬ್ಬ. ಒಬ್ಬರ ಏರಿಯಾದಲ್ಲಿ ಇನ್ನೊಬ್ಬರು ಪ್ರಿಂಟ್ ಓಡಿಸುವ ಹಾಗಿರಲಿಲ್ಲ. ಒಟಿಟಿಯಲ್ಲೂ ಅದೇ ನಡೆಯುತ್ತದೆ, ಏರಿಯಾ ಮಾತ್ರ ದೇಶದ ಲೆಕ್ಕದಲ್ಲಿರುತ್ತದೆ. ಭಾರತದ ಹಕ್ಕು ಒಬ್ಬರಿಗೆ, ಯುರೋಪಿನದು ಮತ್ತೊಬ್ಬರಿಗೆ. ಕ್ರಿಕೆಟ್‌ನಲ್ಲಂತೂ ಇನ್ನೂ ಬಿಗಿ. ಐಪಿಎಲ್‌ನ 2023ರಿಂದ 2027ರವರೆಗಿನ ಹಕ್ಕನ್ನು ಭಾರತದ ಟೀವಿ, ಭಾರತದ ಡಿಜಿಟಲ್, ಹೊರದೇಶ ಅಂತ ಬೇರೆ ಬೇರೆ ಮಾಡಿಯೇ ಹರಾಜು ಹಾಕಿದರು. ಅಷ್ಟು ದುಡ್ಡು ಸುರಿದು ಹೊರದೇಶದ ಹಕ್ಕು ಕೊಂಡವನು, ಭಾರತದ ಆ್ಯಪ್ ಡಬ್ಲಿನ್‌ನಲ್ಲೂ ಓಡಿದರೆ ಸುಮ್ನೆ ಕೂರುತ್ತಾನಾ? ಕರಾರು ಮುರಿದಿರಿ ಅಂತ ಆ್ಯಪ್‌ನವರ ಕುತ್ತಿಗೆಗೆ ಬರುತ್ತಾನೆ.

ನೆಟ್‌ಫ್ಲಿಕ್ಸ್‌ನ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. 2016ರ ಜನವರಿ 6ರಂದು ಭಾರತವೂ ಸೇರಿ 130ಕ್ಕೂ ಹೆಚ್ಚು ದೇಶಗಳಲ್ಲಿ ಅದು ಒಟ್ಟಿಗೇ ಶುರುವಾಯಿತು. ವಿಪಿಎನ್, ಅಂಥದ್ದೇ ಕೆಲಸ ಮಾಡುವ ಪ್ರಾಕ್ಸಿಗಳನ್ನು ತಡೆಯುತ್ತೇವೆ ಅಂತ ಅದೇ ತಿಂಗಳ 14ರಂದು ಹೇಳಿತು. ಈಗಲೂ ನೀವು ವಿಪಿಎನ್ ಹಾಕಿದ್ದು ಗೊತ್ತಾದರೆ, ಜಗತ್ತಿಗೆಲ್ಲ ತನ್ನದೇ ಹಕ್ಕು ಇರುವ ಕಾರ್ಯಕ್ರಮಗಳನ್ನು ಮಾತ್ರ ತೋರಿಸುತ್ತದೆ. ಉಳಿದದ್ದು ಮಾಯ. ಕರಾರು ಇಲ್ಲದ ಕಡೆ ತಕರಾರೂ ಇಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ?

ಸಿಕ್ಕಿಬೀಳುವುದು ಹೇಗೆ? ವಿಪಿಎನ್ ಒಳಗೆ ಏನು ಹರಿಯುತ್ತಿದೆ ಅಂತ ಆ್ಯಪ್ ನೋಡುವುದೇ ಇಲ್ಲ. ಅದು ನೋಡುವುದು ನೀವು ಯಾವ ಐಪಿ ವಿಳಾಸದಿಂದ, ಅಂದರೆ ಇಂಟರ್ನೆಟ್ಟಿನಲ್ಲಿ ಕನೆಕ್ಷನ್‌ಗಿರುವ ಯಾವ ಗುರುತಿನ ಸಂಖ್ಯೆಯಿಂದ ಬಂದಿರಿ ಅಂತ. ಪ್ರತಿ ಐಪಿ ವಿಳಾಸದ ಸಾಲು ಯಾವ ಕಂಪನಿಯದು, ಯಾವ ದೇಶದ್ದು, ಮನೆ ಇಂಟರ್ನೆಟ್ಟಿನದೋ ಸರ್ವರ್ ಯಂತ್ರಗಳನ್ನಿಟ್ಟ ಡೇಟಾ ಸೆಂಟರಿನದೋ ಅಂತ ಪಟ್ಟಿ ಮಾಡಿ ಮಾರುವವರಿದ್ದಾರೆ. ಮ್ಯಾಕ್ಸ್‌ಮೈಂಡ್ ಅಂಥದ್ದೊಂದು ಹೆಸರು. ಡೇಟಾ ಸೆಂಟರ್‌ನಲ್ಲಿ ಯಾರೂ ಸಂಸಾರ ಹೂಡಿ ರಾತ್ರಿ ಸಿನಿಮಾ ನೋಡುವುದಿಲ್ಲವಲ್ಲ. ಹಾಗಾಗಿ ಅಲ್ಲಿಂದ ಬಂದವರೆಲ್ಲ ಅನುಮಾನಿತರೇ. ಒಂದೇ ವಿಳಾಸದಿಂದ ಒಂದೇ ಹೊತ್ತಿಗೆ ನೂರಾರು ಬೇರೆ ಬೇರೆ ಖಾತೆಗಳು ಲಾಗಿನ್ ಆದರೂ ಅಷ್ಟೇ. ಫೋನಿನ ಆ್ಯಪ್ ಆದರೆ ಜಿಪಿಎಸ್ ಕೂಡ ಕೇಳಬಹುದು. ವಿಪಿಎನ್ ಮುಂಬೈ ಅನ್ನುತ್ತದೆ, ಜಿಪಿಎಸ್ ಡಬ್ಲಿನ್ ಅನ್ನುತ್ತದೆ. ಅಲ್ಲಿಗೆ ಮುಗಿಯಿತು.

ಇನ್ನು ನಿಮ್ಮ ಮಗಳು ಆರಿಸಿದ ‘ಇಂಡಿಯಾ’. ಅದು ಬಹುಶಃ ಇಂಡಿಯಾದಲ್ಲಿ ಇಲ್ಲವೇ ಇಲ್ಲ. ಸೈಬರ್ ಭದ್ರತೆ ನೋಡಿಕೊಳ್ಳುವ ನಮ್ಮ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಒಂದು ಆದೇಶ ಹೊರಡಿಸಿತು. ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಅವರಿಗೆ ಕೊಟ್ಟ ಐಪಿ, ಎಲ್ಲವನ್ನೂ 5 ವರ್ಷ ಇಟ್ಟುಕೊಳ್ಳಬೇಕು ಅಂತ. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ತಮ್ಮ ಸರ್ವರ್‌ಗಳನ್ನು ಇಲ್ಲಿಂದ ಎತ್ತಿಕೊಂಡು ಹೋದವು. ಈಗ ಇಂಥ ಕಂಪನಿಗಳು ಕೊಡುವುದು ಸಿಂಗಪುರದಲ್ಲೋ ಬ್ರಿಟನ್‌ನಲ್ಲೋ ಕುಳಿತ ಯಂತ್ರಕ್ಕೆ ಅಂಟಿಸಿದ ಭಾರತದ ವಿಳಾಸ. ಅಂಥ ವಿಳಾಸಗಳು ಲೆಕ್ಕಕ್ಕೆ ಸಿಗುವಷ್ಟೇ ಇರುವುದರಿಂದ ಒಟಿಟಿಯವರಿಗೆ ಹಿಡಿಯುವುದು ಇನ್ನೂ ಸುಲಭ.

ಜನ ಇದಕ್ಕೆ ಏನೇನೋ ಮಾಡುತ್ತಾರೆ. ಒಂದು ಸರ್ವರ್ ಕೆಟ್ಟರೆ ಇನ್ನೊಂದಕ್ಕೆ ಜಿಗಿಯುವುದು, ವಿಪಿಎನ್ ಬಿಟ್ಟು ಸ್ಮಾರ್ಟ್ ಡಿಎನ್‌ಎಸ್ (ಯಾವ ದೇಶ ಅಂತ ಕೇಳುವ ಭಾಗವನ್ನಷ್ಟೇ ಬೇರೆ ದೇಶದ ಮೂಲಕ ಕಳಿಸುವ ಸೇವೆ) ಹಿಡಿಯುವುದು, ಜಾಸ್ತಿ ದುಡ್ಡು ಕೊಟ್ಟು ‘ಮನೆ ಐಪಿ’, ಅಂದರೆ ಯಾರದೋ ಮನೆ ಇಂಟರ್ನೆಟ್ಟಿನ ವಿಳಾಸ ಕೊಳ್ಳುವುದು. ಇದರಲ್ಲಿ ಸ್ವಲ್ಪ ಬುದ್ಧಿವಂತಿಕೆಯದು ಅಂದರೆ ಊರಿನ ಮನೆಯನ್ನೇ ವಿಪಿಎನ್ ಮಾಡಿಕೊಳ್ಳುವುದು. ನಿಮ್ಮ ವಿದ್ಯಾನಗರದ ಮನೆಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಸದಾ ಆನ್ ಇರುತ್ತದೆ. ಅದರಲ್ಲಿ ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್ ಅನ್ನುವ ವಿಪಿಎನ್ ತಂತ್ರಾಂಶ ಹಾಕಿರುತ್ತಾರೆ. ಮಗಳು ಡಬ್ಲಿನ್‌ನಿಂದ ಅದಕ್ಕೆ ಸೇರಿಕೊಂಡರೆ, ಹಾಸನದ ಮನೆಯಿಂದಲೇ ನೋಡುತ್ತಿದ್ದಾಳೆ ಅಂತ ಆ್ಯಪ್‌ಗೆ ಕಾಣುತ್ತದೆ.

ತಾಂತ್ರಿಕವಾಗಿ ಇದು ನಡೆಯುತ್ತದೆ. ಆದರೆ ಮೂರು ಮಾತು ಹೇಳಬೇಕು. ಅವಳಿಗೆ ಸಿಗುವ ವೇಗ ನಿಮ್ಮ ಮನೆಯ ಅಪ್‌ಲೋಡ್ ವೇಗ, ಡೌನ್‌ಲೋಡ್ ಅಲ್ಲ. ಜೂನ್ ಮಳೆಗೆ ಕರೆಂಟ್ ಹೋದರೆ ಡಬ್ಲಿನ್‌ನಲ್ಲಿ ಸಿನಿಮಾ ನಿಲ್ಲುತ್ತದೆ, ರೂಟರಿಗೂ ಸೇರಿಸಿ ಯುಪಿಎಸ್ ಬೇಕು. ಮತ್ತೆ, ಆ ದಾರಿಯಲ್ಲಿ ಅವಳು, ಅವಳ ರೂಮ್‌ಮೇಟ್ ಮಾಡುವುದೆಲ್ಲ ನಿಮ್ಮ ಹೆಸರಿನ ಕನೆಕ್ಷನ್‌ನಲ್ಲಿ ದಾಖಲಾಗುತ್ತದೆ. ಊರಿನ ಮನೆಗೆ ಹಾಕಿಸಿದ ಕ್ಯಾಮೆರಾ ನೋಡಲು, ಬ್ಯಾಂಕಿನ ಆ್ಯಪ್ ತೆರೆಯಲು ಇದು ಒಳ್ಳೆಯ ವ್ಯವಸ್ಥೆ. ಒಟಿಟಿ ನೋಡಲು ಬಳಸಿದರೆ ಆ್ಯಪ್‌ನ ನಿಯಮ ಮುರಿದಂತೆಯೇ, ಹಿಡಿಯುವುದು ಕಷ್ಟ ಅನ್ನುವುದಷ್ಟೇ ವ್ಯತ್ಯಾಸ.

ನನ್ನ ಸಲಹೆ ಕೇಳಿದರೆ, ಬರೀ ಸಿನಿಮಾಗೋಸ್ಕರ ವಿಪಿಎನ್‌ಗೆ ದುಡ್ಡು ಕಟ್ಟಬೇಡಿ. ಇವತ್ತು ನಡೆದ ಸರ್ವರ್ ನಾಳೆ ನಡೆಯುವುದಿಲ್ಲ. ದೊಡ್ಡ ಕಂಪನಿಗಳಲ್ಲಿ 30 ದಿನದೊಳಗೆ ದುಡ್ಡು ವಾಪಸ್ ಕೇಳಬಹುದು, ಅವಧಿ ಇದ್ದರೆ ಮಗಳು ಕೇಳಲಿ. ಅಲ್ಲಿನ ಖಾತೆಯಲ್ಲೇ ಒಮ್ಮೆ ಹುಡುಕಿ ನೋಡಲಿ. ಹೆಸರಾದ ಕನ್ನಡ ಸಿನಿಮಾಗಳು ಎಷ್ಟೋ ಸಲ ಅಲ್ಲೂ ಇರುತ್ತವೆ, ನಾವು ಹುಡುಕಿರುವುದಿಲ್ಲ ಅಷ್ಟೇ. ಅಂದ ಹಾಗೆ, ಯುರೋಪಿನವರು ಇದಕ್ಕೆ ಅರ್ಧ ಪರಿಹಾರ ಕಂಡುಕೊಂಡಿದ್ದಾರೆ. ಅಲ್ಲಿ ಒಂದು ದೇಶದಲ್ಲಿ ದುಡ್ಡು ಕಟ್ಟಿದ ಒಟಿಟಿ, ಒಕ್ಕೂಟದ ಇನ್ನೊಂದು ದೇಶಕ್ಕೆ ಸ್ವಲ್ಪ ದಿನ ಹೋದಾಗಲೂ ನಡೆಯಬೇಕು ಅಂತ 2018ರ ಏಪ್ರಿಲ್ 1ರಿಂದ ಕಾನೂನಿದೆ. ಹಾಸನದಲ್ಲಿ ಕಟ್ಟಿದ ದುಡ್ಡಿಗೆ ಅದು ಅನ್ವಯಿಸುವುದಿಲ್ಲ.

ಪ್ರಶ್ನೆ: ಕೊಟ್ಟಿಗೆಹಾರದ ಹತ್ತಿರ ನಮ್ಮದು ಹೋಂಸ್ಟೇ. ಊರಿನ ಕೇಬಲ್‌ನವರ ಫೈಬರ್ ಲೈನ್ ಇದೆ. ಶನಿವಾರ ಬೆಂಗಳೂರಿನಿಂದ ಬಂದ ಅತಿಥಿಗಳು ಟೀವಿಯಲ್ಲಿ ಸಿನಿಮಾ ಹಾಕಿದರೆ ವಿಪಿಎನ್ ಅಂತ ಬರುತ್ತದೆ. ವಿಪಿಎನ್ ಅಂದರೆ ಏನು ಅಂತಲೂ ನನಗೆ ಗೊತ್ತಿರಲಿಲ್ಲ ಸರ್. ಅವರು ನನ್ನನ್ನೇ ಅನುಮಾನದಿಂದ ನೋಡಿದರು.
— ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ತಪ್ಪು ನಿಮ್ಮದಲ್ಲ. ಮೇಲಿನ ಉತ್ತರದಲ್ಲಿ ಹೇಳಿದ ಪಟ್ಟಿಯಲ್ಲೇ ಗೋಲ್‌ಮಾಲ್ ಆಗಿರುವ ಸಾಧ್ಯತೆ ಜಾಸ್ತಿ.

ಹಳೇ ಮಾದರಿಯ, ಅಂದರೆ ಐಪಿವಿ4 ವಿಳಾಸಗಳು ಎಂದೋ ಮುಗಿದಿವೆ. ನಮ್ಮ ಏಷ್ಯಾ ಭಾಗಕ್ಕೆ ವಿಳಾಸ ಹಂಚುವ ಎಪಿನಿಕ್ ಸಂಸ್ಥೆ 2011ರ ಏಪ್ರಿಲ್‌ನಲ್ಲೇ ಕೊನೆಯ ಗಂಟಿಗೆ ಕೈ ಹಾಕಿತು. ಆಮೇಲೆ ಬಂದ ಸಣ್ಣ ಆಪರೇಟರ್‌ಗಳಿಗೆ ಎರಡೇ ದಾರಿ. ಒಂದು, ಇರುವ ನಾಲ್ಕಾರು ವಿಳಾಸಗಳನ್ನೇ ನೂರಾರು ಮನೆಗೆ ಹಂಚುವುದು. ಇನ್ನೊಂದು, ಬೇರೆಯವರು ಬಳಸಿ ಬಿಟ್ಟ ವಿಳಾಸಗಳನ್ನು ಬಾಡಿಗೆಗೆ ತರುವುದು. ಹಂಚಿಕೊಂಡರೆ, ಒಂದೇ ವಿಳಾಸದಿಂದ ನೂರಾರು ಖಾತೆ ಕಾಣುತ್ತವೆ. ಅದು ಥೇಟ್ ವಿಪಿಎನ್ ಲಕ್ಷಣ. ಬಾಡಿಗೆಗೆ ತಂದದ್ದಾದರೆ, ಆ ವಿಳಾಸ ಹಿಂದೆ ಯಾವುದೋ ದೇಶದ ಸರ್ವರ್ ಕಂಪನಿಯ ಕೈಲಿದ್ದಿರಬಹುದು, ಪಟ್ಟಿ ಇನ್ನೂ ಹಾಗೇ ಇರುತ್ತದೆ. ಇದು ನಮ್ಮ ಮಲೆನಾಡಿನ ಶಾಪವೂ ಅಲ್ಲ. 2021ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್ ಮನೆ ವಿಳಾಸಗಳ ಮೇಲೂ ಕಣ್ಣಿಟ್ಟಾಗ, ವಿಪಿಎನ್ ಮುಟ್ಟದವರಿಗೂ ಸಿನಿಮಾ ಕಾಣೆಯಾದ ದೂರುಗಳು ಹೊರದೇಶಗಳಲ್ಲೂ ಬಂದಿದ್ದವು.

ಈಗ ಒಂದು ಕೆಲಸ ಮಾಡಿ. ಟೀವಿಗೆ ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೊಡಿ. ಕೊಟ್ಟಿಗೆಹಾರದಲ್ಲಿ ಸಿಗ್ನಲ್ ಸಿಗುವ ಮೂಲೆ ನಿಮಗೇ ಗೊತ್ತಿರುತ್ತದೆ. ಸಿನಿಮಾ ಬಂದರೆ ಟೀವಿ ಸರಿ ಇದೆ, ಲೈನ್‌ನಲ್ಲೇ ದೋಷ. ಬರದಿದ್ದರೆ ಟೀವಿಯ ಆ್ಯಪ್‌ಗಳ ಸಾಲು ನೋಡಿ. ಹಿಂದಿನ ಅತಿಥಿ ಯಾರೋ ಪುಕ್ಕಟೆ ವಿಪಿಎನ್ ಇಳಿಸಿ ಹಾಗೇ ಬಿಟ್ಟು ಹೋಗಿರುತ್ತಾರೆ, ಅಳಿಸಿ ಹಾಕಿ.

ಲೈನ್‌ನದೇ ದೋಷ ಅಂತಾದರೆ ರೂಟರ್ ಪುಟ ತೆರೆಯಿರಿ. ಸಾಮಾನ್ಯವಾಗಿ ಬ್ರೌಸರ್‌ನಲ್ಲಿ 192.168.1.1 ಹೊಡೆದರೆ ಬರುತ್ತದೆ, ಪಾಸ್‌ವರ್ಡ್ ರೂಟರಿನ ಬೆನ್ನ ಮೇಲಿರುತ್ತದೆ. ಅದರಲ್ಲಿ ವ್ಯಾನ್ ಐಪಿ (ಕೇಬಲ್‌ನವರು ನಿಮ್ಮ ರೂಟರಿಗೆ ಕೊಟ್ಟ ವಿಳಾಸ) ಅನ್ನುವ ಸಾಲು ಹುಡುಕಿ. ಅಲ್ಲಿನ ಸಂಖ್ಯೆ 100.64ರಿಂದ 100.127ರ ಒಳಗೆ ಶುರುವಾದರೆ ನೀವು ಹಂಚಿಕೆಯ ವಿಳಾಸದಲ್ಲಿದ್ದೀರಿ. ಆಮೇಲೆ ಅದೇ ವೈಫೈನಲ್ಲಿ ‘ನನ್ನ ಐಪಿ ಯಾವುದು’ ಅಂತ ಗೂಗಲ್ ಮಾಡಿ. ಅದರಲ್ಲಿ ಬರುವ ತಾಣ ಯಾವ ದೇಶ ತೋರಿಸುತ್ತದೆ, ‘ಹೋಸ್ಟಿಂಗ್’ (ಸರ್ವರ್ ಕಂಪನಿಯದು) ಅಥವಾ ‘ಪ್ರಾಕ್ಸಿ’ ಅಂತೇನಾದರೂ ಇದೆಯಾ ನೋಡಿ. ಅದರ ಫೋಟೋ, ಟೀವಿ ಮೇಲೆ ಬಂದ ಎರರ್ ಕೋಡ್‌ನ ಫೋಟೋ, ದಿನ, ಹೊತ್ತು, ಎಲ್ಲ ಸೇರಿಸಿ ಕೇಬಲ್‌ನವರಿಗೆ ವಾಟ್ಸ್ಆ್ಯಪ್ ಮಾಡಿ. ಕಂಪ್ಯೂಟರಿನಲ್ಲಿ ನೆಟ್‌ಫ್ಲಿಕ್ಸ್ ಆದರೆ ಕೋಡ್ ಎಂ7111-5059 ಅಂತಿರುತ್ತದೆ.

ಒಟಿಟಿಯ ಕಸ್ಟಮರ್ ಕೇರ್‌ಗೆ ಗಂಟೆಗಟ್ಟಲೆ ಮಾತಾಡಿ ಪ್ರಯೋಜನ ಕಡಿಮೆ. ಅವರು ‘ನಿಮ್ಮ ಇಂಟರ್ನೆಟ್‌ನವರನ್ನು ಕೇಳಿ’ ಅಂತಲೇ ಹೇಳುವುದು. ಕೇಬಲ್‌ನವರ ಕೈಲಿ ದಾರಿ ಇದೆ. ನಿಮ್ಮ ಲೈನನ್ನು ಬೇರೆ ವಿಳಾಸದ ಗುಂಪಿಗೆ ಹಾಕಬಹುದು, ಹೊಸ ಮಾದರಿಯ ಐಪಿವಿ6 ವಿಳಾಸ ಕೊಡಬಹುದು, ಪಟ್ಟಿ ಮಾಡುವ ಕಂಪನಿಗೆ ತಿದ್ದುಪಡಿ ಕಳಿಸಬಹುದು. ತಿದ್ದುಪಡಿಗೆ ದುಡ್ಡಿಲ್ಲ, ಆದರೆ ಎಲ್ಲ ಕಡೆ ಬದಲಾಗಲು ಸಮಯ ಹಿಡಿಯುತ್ತದೆ. ‘ಒಂದೆರಡು ದಿನ ರೂಟರ್ ಆಫ್ ಮಾಡಿ ಆನ್ ಮಾಡಿ’ ಅಂದರೆ ಒಪ್ಪಿಕೊಂಡು ಸುಮ್ಮನಾಗಬೇಡಿ.

ಲೈನ್ ಸರಿ ಇದ್ದೂ ಒಬ್ಬಿಬ್ಬರು ಅತಿಥಿಗಳಿಗೆ ಮಾತ್ರ ಹೀಗಾದರೆ ಅವರ ಆಫೀಸ್ ಲ್ಯಾಪ್‌ಟಾಪ್ ನೋಡಲು ಹೇಳಿ. ತೋಟದಲ್ಲಿ ಕೂತು ಕೆಲಸ ಮಾಡುವವರು ಕಂಪನಿಯ ವಿಪಿಎನ್ ಆಫ್ ಮಾಡದೇ ಅದರಲ್ಲೇ ಸಿನಿಮಾ ಹಾಕುತ್ತಾರೆ. ಇನ್ನೊಂದು ವಿಷಯ, ನೀವು ಕೇಳಿಲ್ಲ ಆದರೂ ಹೇಳುತ್ತೇನೆ. ನಿಮ್ಮ ಮನೆಯ ಒಟಿಟಿ ಖಾತೆಯನ್ನು ಅತಿಥಿಗಳ ರೂಮಿಗೆ ಹಾಕಬೇಡಿ. ನೆಟ್‌ಫ್ಲಿಕ್ಸ್‌ನಂಥವರ ನಿಯಮದಲ್ಲಿ ಅದು ಸ್ವಂತ ಬಳಕೆಗೆ ಮಾತ್ರ, ವ್ಯಾಪಾರಕ್ಕಲ್ಲ. ಅವರವರ ಖಾತೆಯಲ್ಲೇ ನೋಡಲಿ, ಹೋಗುವಾಗ ಲಾಗೌಟ್ ಮಾಡಲಿ.

ಪ್ರಶ್ನೆ: ಪುಕ್ಕಟೆ ವಿಪಿಎನ್ ಆ್ಯಪ್ ಬಳಸಿದರೆ ಪೊಲೀಸರು ಹಿಡಿಯುತ್ತಾರಾ?
— ಕಾಲೇಜು ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ಕರ್ನಾಟಕದಲ್ಲಿ ವಿಪಿಎನ್ ಬಳಸುವುದು ಅಪರಾಧವಲ್ಲ. ವಿಪಿಎನ್‌ನಲ್ಲಿ ಒಟಿಟಿ ನೋಡಿದರೆ ಸಾಮಾನ್ಯವಾಗಿ ಆಗುವುದು ಸಿನಿಮಾ ನಿಲ್ಲುವುದು, ತೀರಾ ಅಂದರೆ ಖಾತೆ ರದ್ದು. ದುಬೈ ಕಡೆ ಕೆಲಸಕ್ಕೆ ಹೋಗುವ ಅಣ್ಣ ತಮ್ಮಂದಿರಿದ್ದರೆ ಮಾತ್ರ ಎಚ್ಚರಿಸಿ. ಯುಎಇಯಲ್ಲಿ ಅಪರಾಧ ಮಾಡಲು ಅಥವಾ ಮುಚ್ಚಿಡಲು ವಿಪಿಎನ್ ಬಳಸಿದರೆ ದಂಡ 5 ಲಕ್ಷದಿಂದ 20 ಲಕ್ಷ ದಿರ್‌ಹಮ್.

ಪೊಲೀಸರಿಗಿಂತ ನೀವು ಹೆದರಬೇಕಾದ್ದು ‘ಪುಕ್ಕಟೆ’ಗೆ. ಸರ್ವರ್ ಬಾಡಿಗೆ, ಬ್ಯಾಂಡ್‌ವಿಡ್ತ್ ಎಲ್ಲಕ್ಕೂ ದುಡ್ಡು ಬೇಕು. ನೀವು ಕೊಡದಿದ್ದರೆ ಇನ್ಯಾರೋ ಕೊಡುತ್ತಿರುತ್ತಾರೆ. ಹೋಲಾ ಅನ್ನುವ ಪುಕ್ಕಟೆ ಸೇವೆ ತನ್ನ ಬಳಕೆದಾರರ ಇಂಟರ್ನೆಟ್ಟನ್ನೇ ಬೇರೆ ಹೆಸರಿನಲ್ಲಿ ಮಾರುತ್ತಿದ್ದದ್ದು 2015ರಲ್ಲಿ ಬಯಲಾಯಿತು. 2024ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಬಿಐ 911 ಎಸ್5 ಎಂಬ ಜಾಲವನ್ನು ಮುರಿಯಿತು. ಮಾಸ್ಕ್‌ವಿಪಿಎನ್, ಡ್ಯೂವಿಪಿಎನ್‌ನಂಥ ಪುಕ್ಕಟೆ ಆ್ಯಪ್ ಹಾಕಿಕೊಂಡವರ ಕಂಪ್ಯೂಟರ್‌ಗಳೇ ಆ ಜಾಲ. 1 ಕೋಟಿ 90 ಲಕ್ಷ ಐಪಿ ವಿಳಾಸಗಳು ಅದರಲ್ಲಿದ್ದವು. ಅವುಗಳ ಮೂಲಕ ವಂಚಕರು ಕೆಲಸ ಮಾಡುತ್ತಿದ್ದರು.

ಒಟಿಟಿ ತಡೆಯಿಂದ ತಪ್ಪಿಸಿಕೊಳ್ಳಲು ಜನ ‘ಮನೆ ಐಪಿ’ ಕೊಳ್ಳುತ್ತಾರೆ ಅಂದೆನಲ್ಲ, ಅಂಥ ಮನೆಗಳು ಎಲ್ಲಿಂದ ಬರುತ್ತವೆ ಅಂತ ಈಗ ಗೊತ್ತಾಯಿತಾ? ಎಲ್ಲವೂ ಹೀಗೇ ಅಂತ ನಾನು ಹೇಳುವುದಿಲ್ಲ. ಆದರೆ ನಿಮ್ಮ ಅಪ್ಪನ ಹೆಸರಿನ ಕನೆಕ್ಷನ್ ಯಾವ ಊರಿನ ಯಾರ ಕೈಲಿದೆ ಅಂತ ನಿಮಗೆ ತಿಳಿಯುವುದೇ ಇಲ್ಲ. ಆಗ ಪೊಲೀಸರು ಬಂದರೂ ಬರಬಹುದು. ಇವತ್ತೇ ಅಳಿಸಿ.

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣನ ಮಗ, ಭಾರತದಲ್ಲಿ ರೇಟ್ ಕಡಿಮೆ, ನಿನ್ನ ಕಾರ್ಡ್‌ನಲ್ಲಿ ಯೂಟ್ಯೂಬ್ ಪ್ರೀಮಿಯಂ ಹಾಕಿಸಿಕೊಡು ಚಿಕ್ಕಪ್ಪ ಅನ್ನುತ್ತಾನೆ. ಹಾಕಲಾ?
— ಓದುಗರೊಬ್ಬರು, ಕಡೂರು

ಉತ್ತರ: ಬೇಡ. ರೇಟಿನ ವ್ಯತ್ಯಾಸ ನಿಜ. ನೆಟ್‌ಫ್ಲಿಕ್ಸ್ ನಮ್ಮಲ್ಲಿ 2021ರ ಡಿಸೆಂಬರ್‌ನಲ್ಲಿ ಮೊಬೈಲ್ ಪ್ಲ್ಯಾನನ್ನು 199 ರೂಪಾಯಿಯಿಂದ 149ಕ್ಕೆ ಇಳಿಸಿತು. ಅಮೆರಿಕದಲ್ಲಿ ಅದರ ಸ್ಟ್ಯಾಂಡರ್ಡ್ ಪ್ಲ್ಯಾನ್ 2025ರ ಜನವರಿಯಲ್ಲಿ 17.99 ಡಾಲರಿಗೆ ಏರಿತು. ಪ್ಲ್ಯಾನ್ ಒಂದೇ ಅಲ್ಲ, ಆದರೂ ಅಂತರ ನೋಡಿ. ಹಾಗಾಗಿಯೇ ವಿಪಿಎನ್ ಹಾಕಿ ಅಗ್ಗದ ದೇಶದಲ್ಲಿ ಕೊಳ್ಳುವ ಚಾಳಿ ಹುಟ್ಟಿದ್ದು, ಹಾಗೆ ಕೊಂಡ ಪ್ರೀಮಿಯಂಗಳನ್ನು ಯೂಟ್ಯೂಬ್ 2024ರ ಜೂನ್‌ನಲ್ಲಿ ರದ್ದು ಮಾಡಲು ಶುರು ಮಾಡಿದ್ದು. ನಿಮ್ಮ ಅಣ್ಣನ ಮಗನದ್ದೂ ಅದೇ ಸಾಲಿಗೆ ಸೇರುತ್ತದೆ.

ಈಗಾಗಲೇ ಕಾರ್ಡ್ ಕೊಟ್ಟುಬಿಟ್ಟಿದ್ದರೆ ಬ್ಯಾಂಕಿನ ಆ್ಯಪ್‌ನಲ್ಲಿ ಇ-ಮ್ಯಾಂಡೇಟ್ (ದುಡ್ಡು ತಾನಾಗಿ ಕಡಿತವಾಗಲು ಕೊಟ್ಟ ಒಪ್ಪಿಗೆ) ಅನ್ನುವ ಜಾಗಕ್ಕೆ ಹೋಗಿ, ಅದನ್ನು ರದ್ದು ಮಾಡಿ. ದುಡ್ಡು ಕಡಿತವಾಗುವ 24 ಗಂಟೆ ಮೊದಲೇ ಬ್ಯಾಂಕಿನಿಂದ ಮೆಸೇಜ್ ಬರುತ್ತದೆ, ಅದರಲ್ಲೂ ಬೇಡ ಅನ್ನುವ ದಾರಿ ಇರುತ್ತದೆ.