ಪ್ರಿಯಾನ್ ರೋಗ ಬಂದಾಗ ಪ್ರಾಣಿಯ ಮಿದುಳಿನ ಕೋಶಗಳು ಏನು ಮಾಡುತ್ತವೆ?

ವಿರಾಜಪೇಟೆಯಿಂದ ನೀವು ಕೇಳಿರುವುದು ಎರಡು ಮಾತು: ಪ್ರಿಯಾನ್ ತಗುಲಿದರೆ ಮಿದುಳು ಸುಮ್ಮನೆ ಇದ್ದುಬಿಡುತ್ತದೆಯೇ, ತೋಟದ ಹಸು ತೂರಾಡಿದರೆ ಈ ರೋಗವೇ ಇರಬಹುದೇ.

ಸುಮ್ಮನಿರುವುದಿಲ್ಲ. ಪ್ರಿಯಾನ್ ವೈರಸ್ ಅಲ್ಲ. ನರಕೋಶದ ಪೊರೆಯ ಮೇಲೆ ಮೊದಲಿಂದಲೂ ಇರುವ ಪಿಆರ್‌ಪಿ ಪ್ರೋಟೀನೇ ತಪ್ಪಾಗಿ ಮಡಚಿಕೊಂಡು, ಪಕ್ಕದ್ದನ್ನೂ ತನ್ನಂತೆ ಮಾಡುತ್ತ ಹೋಗುತ್ತದೆ. ದೇಹದ್ದೇ ಪ್ರೋಟೀನ್ ಆದ್ದರಿಂದ ಪ್ರತಿಕಾಯ ಹುಟ್ಟುವುದಿಲ್ಲ, ಜ್ವರವೂ ಬರುವುದಿಲ್ಲ. ಆದರೆ ಮಿದುಳಿನ ಕಾವಲುಕೋಶಗಳಾದ ಮೈಕ್ರೋಗ್ಲಿಯಾ, ಲಕ್ಷಣ ಕಾಣುವ ಎಷ್ಟೋ ಮೊದಲೇ ಎಚ್ಚೆತ್ತು ಹೆಚ್ಚುತ್ತವೆ. ಇಲಿಗಳಲ್ಲಿ ಔಷಧ ಕೊಟ್ಟು ಅವನ್ನು ಇಲ್ಲವಾಗಿಸಿದಾಗ ಸಾವು ಇನ್ನೂ ಬೇಗ ಬಂತು. ಅಂದರೆ ಅವು ಒಂದಷ್ಟಾದರೂ ತಡೆಯುತ್ತಿದ್ದವು. ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೋಸೈಟ್ ಕೋಶಗಳು ದಪ್ಪಗಾಗಿ ಜಿಎಫ್‌ಎಪಿ ಪ್ರೋಟೀನನ್ನು ತುಂಬಿಕೊಳ್ಳುತ್ತವೆ. ಅದಕ್ಕೆ ಬಣ್ಣ ಹಾಕಿದ ಸ್ಲೈಡಿನಲ್ಲಿ ಕಂದು ಜೇಡಗಳು ಕಾಲು ಚಾಚಿ ಒತ್ತೊತ್ತಾಗಿ ಕೂತಂತೆ ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ನರಕೋಶವೇ ಮಾಡಿಕೊಳ್ಳುವ ಕೆಲಸ. ತಪ್ಪು ಮಡಿಕೆಯ ಪ್ರೋಟೀನ್ ಹೆಚ್ಚಾದಾಗ ಪರ್ಕ್ ಎಂಬ ಕಿಣ್ವವು, ಪ್ರೋಟೀನ್ ತಯಾರಿಕೆ ಶುರುಮಾಡಿಸುವ ಇಐಎಫ್2-ಆಲ್ಫಾ ಎಂಬ ಅಂಶಕ್ಕೆ ಫಾಸ್ಫೇಟ್ ಅಂಟಿಸಿ ಹೊಸ ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುತ್ತದೆ. ಸ್ವಲ್ಪ ಹೊತ್ತು ನಿಂತರೆ ಅದು ರಕ್ಷಣೆ. ಪ್ರಿಯಾನ್ ಮಾತ್ರ ಕಡಿಮೆಯಾಗದು, ಹಾಗಾಗಿ ತಯಾರಿಕೆ ಮತ್ತೆ ಶುರುವಾಗದು. ನರಕೋಶಗಳು ಒಂದಕ್ಕೊಂದು ಸಂದೇಶ ದಾಟಿಸುವ ಜಾಗವಾದ ಸಿನಾಪ್ಸ್‌ಗೆ ಬೇಕಾದ ಪ್ರೋಟೀನ್ ಸಿಗದೆ ಮೊದಲು ಕೋಶಗಳ ನಡುವಿನ ಸಂಪರ್ಕ ಕಳಚುತ್ತದೆ, ಆಮೇಲೆ ಕೋಶ ಸಾಯುತ್ತದೆ. ಇದನ್ನು 2012ರಲ್ಲಿ ನರವಿಜ್ಞಾನಿ ಜಿಯೋವಾನಾ ಮಲ್ಲುಚ್ಚಿ ಅವರ ತಂಡ ಇಲಿಗಳಲ್ಲಿ ತೋರಿಸಿತು. ಅದೇ ತಂಡ 2003ರಲ್ಲಿ, ಸೋಂಕು ತಗುಲಿದ ಮೇಲೆ ನರಕೋಶದ ಪಿಆರ್‌ಪಿ ಜೀನನ್ನು ತೆಗೆದುಹಾಕಿದಾಗ, ಮಿದುಳಿನ ಆರಂಭದ ಸ್ಪಂಜಿನಂಥ ತೂತುಗಳು ಮುಚ್ಚಿಕೊಂಡಿದ್ದವು. ಕೋಶ ಪೂರ್ತಿ ಸಾಯುವ ಮುನ್ನ ಹಿಂದಿರುಗುವ ದಾರಿ ಇದೆ ಎಂದು ಇದರಿಂದ ಗೊತ್ತಾಯಿತು.

ಇನ್ನು ನಿಮ್ಮ ಹಸು. ಹಸುಗಳಿಗೆ ಬರುವ ಪ್ರಿಯಾನ್ ರೋಗವಾದ ಹುಚ್ಚುಹಸು ರೋಗ ಭಾರತದಲ್ಲಿ ದಾಖಲಾಗಿಲ್ಲ. ಕೊಡಗಿನಲ್ಲಿ ಹಸು ತೂರಾಡಿ, ಜೊಲ್ಲು ಸುರಿಸಿ, ಗೊಗ್ಗರು ದನಿಯಲ್ಲಿ ಕೂಗಿದರೆ ಮೊದಲು ನೆನಪಾಗಬೇಕಾದ್ದು ರೇಬಿಸ್. ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ದಯವಿಟ್ಟು ಬಾಯಿಗೆ ಕೈ ಹಾಕಬೇಡಿ. ಹಾಕಿಬಿಟ್ಟಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಲಸಿಕೆಗೆ ಹೋಗಿ. ರೇಬಿಸ್ ಲಕ್ಷಣ ಕಂಡ ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ, ಪ್ರಿಯಾನ್ ವಾರಗಟ್ಟಲೆ, ತಿಂಗಳುಗಟ್ಟಲೆ ಎಳೆಯುತ್ತದೆ. ಹಸು ಸತ್ತರೆ ತಲೆಯನ್ನು ನೀವೇ ಒಡೆಯಬೇಡಿ, ಪಶುವೈದ್ಯರನ್ನು ಕರೆಸಿ. ರೇಬಿಸ್ ಪರೀಕ್ಷೆಗೆ ಮಿದುಳಿನ ಬುಡ ಮತ್ತು ಕಿರುಮಿದುಳಿನ ತುಂಡು ಮಂಜುಗಡ್ಡೆಯ ಮೇಲೆ ಹೋಗಬೇಕು. ಪ್ರಿಯಾನ್ ನೋಡಬೇಕೆಂದರೆ ಬೆನ್ನುಹುರಿ ಸೇರುವ ಕಡೆಯ ಓಬೆಕ್ಸ್ ಭಾಗವೂ ಬೇಕು. ಫಾರ್ಮಲಿನ್‌ನಲ್ಲಿ ಇಟ್ಟರೂ, ಕುದಿಸಿದರೂ ಪ್ರಿಯಾನ್ ನಾಶವಾಗುವುದಿಲ್ಲ. ಪ್ರಯೋಗಾಲಯಗಳಲ್ಲಿ ಉಪಕರಣಗಳನ್ನು 134 ಡಿಗ್ರಿ ಹಬೆಯಲ್ಲಿ 18 ನಿಮಿಷ ಇಡುವುದು ಅದಕ್ಕೇ.